ಸೀನನ ಶೂ ಲೇಸು

"ಡಿಎನ್ಎಗೆ ಎರಡೇ ಎಳೆ. ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕ ತಗೊಂಡಿದ್ದೇನೆ. ಈ ನಾಲ್ಕು ಎಲ್ಲಿಂದ ಬಂತು?" ಡಿಎನ್ಎ ನಾಲ್ಕು ಎಳೆಯಾಗಿಯೂ ನಿಲ್ಲುತ್ತೆ ಎಂದು ಸುಧಾ ಹೇಳಿದ್ದೇ ತಡ, ಸೀನ ಜಗಳಕ್ಕೇ ನಿಂತ.

ಸುಧಾ ಬರೀ ಬಾಯಲ್ಲಿ ಹೇಳಿ ಬಿಡುವವಳಲ್ಲ. "ಶೂ ಬಿಚ್ಚು. ಎರಡೂ ಲೇಸು ಕೊಡು."

ಕೊಟ್ಟ, ಪಾಪ. ಎರಡನ್ನೂ ಹೊಸೆದು ಒಂದು ತುದಿ ನನ್ನ ಕೈಗಿಟ್ಟಳು. "ಒಂದು ಎಳೆಯಲ್ಲಿ ಮೂರು ಜಿ ಅಕ್ಷರ, ಅಂದ್ರೆ ಗ್ವಾನಿನ್. ಸ್ವಲ್ಪ ಬಿಟ್ಟು ಮತ್ತೆ ಮೂರು. ಹೀಗೆ ನಾಲ್ಕು ಸಲ ಬಂದರೆ, ಆ ಎಳೆ ತನ್ನ ಮೇಲೆ ತಾನೇ ಮಡಚಿಕೊಳ್ಳಬಹುದು."

ಮಡಚಿದಳು. ಒಂದೇ ಲೇಸು ಮೇಲೆ ಕೆಳಗೆ ಓಡಾಡಿ ನಾಲ್ಕು ಕಂಬವಾಯಿತು. ಕಂಬಕ್ಕೊಂದು ಜಿ ಬಂದು, ನಾಲ್ಕೂ ಚೌಕವಾಗಿ ಕೈ ಹಿಡಿಯುತ್ತವಂತೆ. ಚೌಕದ ಮೇಲೆ ಚೌಕ, ನಡುವೆ ಪೊಟ್ಯಾಸಿಯಂ ಅಯಾನು ಕೂತು ಬಿಗಿ ಮಾಡುತ್ತದೆ. ಇದೇ ಜಿ-ಕ್ವಾಡ್ರುಪ್ಲೆಕ್ಸ್.

"ಸೋಡಿಯಂ ಆಗಲ್ವಾ?"

"ಆಗುತ್ತೆ, ಹಿಡಿತ ಕಮ್ಮಿ. ಲಿಥಿಯಂ ಅಂತೂ ಲೆಕ್ಕಕ್ಕೇ ಇಲ್ಲ."

ಈ ಚೌಕವನ್ನು ಗೆಲರ್ಟ್, ಲಿಪ್ಸೆಟ್, ಡೇವಿಸ್ 1962ರಲ್ಲೇ ತೋರಿಸಿದ್ದರು. ಮನುಷ್ಯನ ಜೀವಕೋಶದೊಳಗೆ ಗುರುತು ಹಚ್ಚಿ ತೋರಿಸಿದ್ದು 2013ರಲ್ಲಿ, ಕೇಂಬ್ರಿಜ್‌ನ ಬಾಲಸುಬ್ರಮಣಿಯನ್ ತಂಡ.

"ಐವತ್ತು ವರ್ಷ ಏನು ಮಾಡ್ತಿದ್ರು?"

"ನಿನ್ನಂಥವರನ್ನು ಒಪ್ಪಿಸ್ತಿದ್ರು."

ನನಗೆ ಇನ್ನೊಂದು ಲೇಸಿನ ಚಿಂತೆ. ಜಿ ಎಳೆ ಮಡಚಿಕೊಂಡರೆ ಜೋಡಿ ಎಳೆಯ ಗತಿ?

"ಅದೇ ನೋಡು ಫಜೀತಿ! ಎದುರಿನ ಎಳೆಯಲ್ಲಿ ಜಿಗೆ ಜೋಡಿ ಸಿ, ಅಂದ್ರೆ ಸೈಟೋಸಿನ್. ಈ ಜಿ-ಸಿ ಜೋಡಿಗೆ ಮೂರು ಹೈಡ್ರೋಜನ್ ಬಂಧ. ಸಿ ಸುಮ್ನೆ ಬಿಟ್ಟುಕೊಡುತ್ತಾ? ಕ್ರೋಮೋಸೋಮಿನ ತುದಿಯಲ್ಲಿ ಆ ತೊಂದರೆಯಿಲ್ಲ. ಅಲ್ಲಿ ಟಿಟಿಎಜಿಜಿಜಿ ಎಂದು ಜಪಿಸುವ ಎಳೆ ಒಂಟಿಯಾಗಿ ಚಾಚಿಕೊಂಡಿರುತ್ತದೆ. ನಡುವೆ ಮಾತ್ರ ಹೊಂಚು ಹಾಕಬೇಕು."

"ಎಂಥ ಹೊಂಚು?"

"ಜೀನ್ ಓದುವ ಕಿಣ್ವ ಮುಂದೆ ಸಾಗಿದಂತೆ ಅದರ ಹಿಂದೆ ಹೊಸೆತ ಸಡಿಲವಾಗುತ್ತೆ." ಅವಳು ತನ್ನ ಕಡೆಯ ತುದಿಯನ್ನು ಉಲ್ಟಾ ತಿರುಗಿಸಿದಳು. ನಮ್ಮಿಬ್ಬರ ಕೈ ನಡುವೆ ಲೇಸುಗಳು ಬೇರೆಯಾಗಿ ಕಣ್ಣಿನಾಕಾರದ ಸಂದಿ ಬಿಟ್ಟಿತು. "ಈ ಸಂದೀಲಿ ಜಿ ಎಳೆ ಮಡಚಿಕೊಳ್ಳುತ್ತೆ. ಒಂಟಿಯಾದ ಸಿ ಎಳೆಯೂ ಸುಮ್ಮನಿರಲ್ಲ. ಸ್ವಲ್ಪ ಆಮ್ಲೀಯವಾಗಿದ್ದರೆ ತಾನೂ ನಾಲ್ಕಾಗಿ ಮಡಚಿಕೊಳ್ಳುತ್ತೆ. ಅದಕ್ಕೆ ಐ-ಮೋಟಿಫ್ ಅಂತಾರೆ."

"ಹಟಕ್ಕೆ ಬಿದ್ದಂಗಿದೆ" ಎಂದ ಸೀನ.

"ಆದ್ರೆ ಡಿಎನ್ಎ ನಕಲು ಮಾಡುವಾಗ ಈ ಗಂಟು ಅಡ್ಡ ಬರುತ್ತೆ. ಆಗ ಹೆಲಿಕೇಸ್ ಅನ್ನೋ ಕಿಣ್ವ ಬಂದು ಬಿಚ್ಚಬೇಕು."

ಅಷ್ಟರಲ್ಲಿ ಸೀನ ತನ್ನ ಲೇಸು ಎಳೆದ. ಸುಧಾ ಕಟ್ಟಿದ ನಾಲ್ಕು ಕಂಬ ಬಿಗಿದು ಕಡಲೆಕಾಳಷ್ಟಾಯಿತು. ಉಗುರು ಹಾಕಿದ, ಹಲ್ಲು ಹಾಕಿದ. ಊಹೂಂ. ಸುಧಾ ಆಗಲೇ ಬ್ಯಾಗ್ ಹೆಗಲಿಗೇರಿಸಿ ಬಾಗಿಲು ದಾಟಿದ್ದಳು.

"ಅಮ್ಮಾ ಹೆಲಿಕೇಸ್, ಇದನ್ನು ಬಿಚ್ಚಿ ಹೋಗೇ!"