ಕ್ಲಚ್ ಆಯಿಲ್ ‘ಕಪ್ಪಾಗಿದೆ’ ಅಂದರೆ ಸಾಕಾ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಟ್ಯಾಕ್ಸಿ ಚಾಲಕರಿಗೆ ಹೈಡ್ರಾಲಿಕ್ ಕ್ಲಚ್ (ಪೆಡಲ್ ಒತ್ತಿದ್ದನ್ನು ದ್ರವದ ಒತ್ತಡದಿಂದ ಮುಟ್ಟಿಸುವ ಕ್ಲಚ್) ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳಿಗೆ ನಿಮ್ಮ ಸಲಹೆ ಬೇಕು.

ಮೊದಲನೆಯದು ‘ಆಯಿಲ್’. ಶಿವಮೊಗ್ಗದ ಗ್ಯಾರೇಜುಗಳಲ್ಲಿ ಬ್ರೇಕ್ ಆಯಿಲ್, ಕ್ಲಚ್ ಆಯಿಲ್ ಅಂತಲೇ ಮಾತು. ಆದರೆ ಅದು ಎಣ್ಣೆ ಅಲ್ಲವೇ ಅಲ್ಲ. ಅಂಗಡಿಯಲ್ಲಿ ಸಿಗುವ ಡಾಟ್ 3, ಡಾಟ್ 4 ಅನ್ನುವ ದರ್ಜೆಗಳೆರಡೂ ಗ್ಲೈಕಾಲ್ ಅನ್ನುವ ರಾಸಾಯನಿಕದ ಜಾತಿಯವು, ಗಾಳಿಯಲ್ಲಿರುವ ತೇವ ಹೀರುತ್ತವೆ. ಕೈಪಿಡಿಯಲ್ಲಿ ‘ಕ್ಲಚ್ ಎಣ್ಣೆ’ ಅಂತ ಬರೆದರೆ, ಕಾರಿನಲ್ಲಿ ಅದನ್ನು ತುಂಬಿಡುವ ಡಬ್ಬಿಯಲ್ಲಿ ಕಡಿಮೆಯಾಗಿದೆ ಅಂತ ಕೈಗೆ ಸಿಕ್ಕ ಎಂಜಿನ್ ಆಯಿಲ್ ಸುರಿಯುವವರು ಇದ್ದೇ ಇರುತ್ತಾರೆ. ಅದು ಸೇರಿದರೆ ಒಳಗಿನ ರಬ್ಬರ್ ಸೀಲುಗಳು ಊದಿಕೊಂಡು ಕೆಡುತ್ತವೆ. ಎಷ್ಟೋ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ, ಘಾಟಿ ಇಳಿಯುವವರಿಗೆ ಇದು ಜೀವದ ಪ್ರಶ್ನೆ. ‘ದ್ರವ’ ಅಂದರೆ ಶಾಲೆಯ ಪಾಠದ ಹಾಗೆ ಕೇಳಿಸುತ್ತದೆ. ಸದ್ಯಕ್ಕೆ ‘ಫ್ಲೂಯಿಡ್’ ಅಂತಲೇ ಇಟ್ಟುಕೊಂಡಿದ್ದೇನೆ.

ಎರಡನೆಯದು ಬಣ್ಣದ ವಿಷಯ, ನಿಜವಾದ ತೊಡಕು ಇಲ್ಲೇ ಇರುವುದು. ಹೊಸ ಫ್ಲೂಯಿಡ್ ತಿಳಿಯಾಗಿ, ಎಳೆ ಹಳದಿ ಇರುತ್ತದೆ. ಕೆಟ್ಟ ಮೇಲೆ ಎಲ್ಲರೂ ಸುಮ್ನೆ ‘ಕಪ್ಪಾಗಿದೆ’ ಅನ್ನುತ್ತಾರೆ. ಆದರೆ ಕಪ್ಪಿನಲ್ಲೂ ಬೇರೆ ಬೇರೆ ಥರ ಇವೆ, ಒಂದೊಂದಕ್ಕೂ ಕಾರಣ ಬೇರೆ. ಹಳತಾಗಿ, ಬಿಸಿ ತಿಂದು, ತೇವ ಕುಡಿದದ್ದು ಕಂದು ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ‘ಕಂದಿದೆ’ ಅಂದುಕೊಂಡೆ, ಆದರೆ ಮುಖ ಕಂದಿತು ಅನ್ನುವ ಅರ್ಥ ಅಡ್ಡ ಬರುತ್ತದೆ ಅಲ್ವಾ? ಇನ್ನೊಂದು ಮಸಿಯಂಥ ಕಪ್ಪು. ಕೆಳಗಿನ ಸ್ಲೇವ್ ಸಿಲಿಂಡರಿನ (ಫ್ಲೂಯಿಡ್ ಒತ್ತಡದಿಂದ ಕ್ಲಚ್ಚನ್ನು ತಳ್ಳುವ ಭಾಗ) ನಿಪ್ಪಲ್‌ಗೆ, ಅಂದರೆ ಫ್ಲೂಯಿಡ್ ಹೊರಬಿಡುವ ಬಾಯಿಗೆ, ಪಾರದರ್ಶಕ ಟ್ಯೂಬ್ ಹಾಕಿ ಸಡಿಲಿಸಿದರೆ, ಮೇಲಿನ ಡಬ್ಬಿಯಲ್ಲಿ ತಿಳಿ ಕಂಡಿದ್ದರೂ ಅಲ್ಲಿಂದ ಕಪ್ಪು ಇಳಿಯುವುದುಂಟು, ಯಾಕೆಂದರೆ ಕೆಳಗಿನದು ಅಷ್ಟಾಗಿ ಓಡಾಡದೆ ಅಲ್ಲೇ ನಿಂತಿರುತ್ತದೆ. ಅದನ್ನು ಬಿಳಿ ಬಟ್ಟೆಯ ಮೇಲೆ ಬಿಟ್ಟು ನೋಡಿ. ನುಣ್ಣನೆಯ ಕಪ್ಪು ಪುಡಿ ಉಳಿದರೆ ಅದು ಸವೆದ ಸೀಲಿನ ರಬ್ಬರ್ ಇರಬಹುದು. ಹೊಸದು ಹಾಕಿದ ಸ್ವಲ್ಪ ದಿನಕ್ಕೇ ಮತ್ತೆ ಕಪ್ಪಾದರೆ ಸೀಲೋ ಹೋಸೋ ಕೆಡುತ್ತಿದೆ ಅನ್ನುವ ಅನುಮಾನ ಗಟ್ಟಿ. ಈ ಪುಡಿಗೆ ‘ಗಸಿ’ ಅನ್ನಲಾ, ‘ಮಡ್ಡಿ’ ಅನ್ನಲಾ? ಕಾಫಿ ಲೋಟದ ತಳದಲ್ಲಿ ಉಳಿಯುವ ಹಾಗೆ ಇರುವುದರಿಂದ ನನಗೆ ಗಸಿಯೇ ಹತ್ತಿರ ಅನ್ನಿಸುತ್ತದೆ.

ಮಬ್ಬಾಗಿ ಕಂಡರೆ ಬೇರೆ ಏನೋ ಸೇರಿದೆ ಅಂತ. ಅದಕ್ಕೆ ‘ಕದಡಿದೆ’ ಸಾಕು.

ತೇವದ ಮಾತು ಯಾಕೆ ಮುಖ್ಯ ಅಂದರೆ, ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಅರ್ಧ ಕ್ಲಚ್ಚಲ್ಲೇ (ಪೆಡಲ್ ಅರ್ಧ ಒತ್ತಿಕೊಂಡೇ) ಹತ್ತಿಸಿ ಕ್ಲಚ್ ಬಿಸಿ ಮಾಡುವವರಿಗೆ ಇದು ತಿಳಿದಿರಬೇಕು. ಒಳಗೆ ಆವಿ ಕಟ್ಟಿದರೆ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ, ಗೇರ್ ಬೀಳುವುದಿಲ್ಲ.

ಇನ್ನೊಂದು ಮಾತು. ಫ್ಲೂಯಿಡ್ ಕಪ್ಪಾದ ಕೂಡಲೇ ‘ಕ್ಲಚ್ ಪ್ಲೇಟ್ ಸುಟ್ಟಿದೆ’ ಅನ್ನುವುದು ತಪ್ಪು. ನಮ್ಮ ಸಾಮಾನ್ಯ ಕಾರುಗಳಲ್ಲಿ ಪ್ಲೇಟಿಗೆ ಈ ಫ್ಲೂಯಿಡ್ ತಾಗುವುದೇ ಇಲ್ಲ. ಕೈಪಿಡಿಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಹಾಕುತ್ತೇನೆ.

ಸಾಗರ, ಹೊಸನಗರ, ಕೊಪ್ಪ ಕಡೆಯವರು ಹೇಳಿ: ನಿಮ್ಮಲ್ಲಿ ‘ಗಸಿ’ ಅಂದರೆ ಗ್ಯಾರೇಜಿನ ಹುಡುಗನಿಗೆ ತಕ್ಷಣ ಅರ್ಥವಾಗುತ್ತದಾ? ಕಂದು ಬಣ್ಣಕ್ಕೆ ತಿರುಗಿದ್ದಕ್ಕೆ ಒಂದೇ ಪದದ ಕ್ರಿಯಾಪದ ಬಳಕೆಯಲ್ಲಿದೆಯಾ?