ಸಹಾಯ ಬೇಕು: ಮುಂಬೈಯಿಂದ ನ್ಯೂಯಾರ್ಕ್‌ಗೆ ಅಮ್ಮ ಒಬ್ಬರೇ

ಎಲ್ಲರಿಗೂ ನಮಸ್ಕಾರ. ನಾವು ಡೊಂಬಿವಲಿಯಲ್ಲಿರೋದು. ಜೂನ್‌ನಲ್ಲಿ ಅಮ್ಮ ಅಕ್ಕನ ಬಾಣಂತನಕ್ಕೆ ನ್ಯೂಯಾರ್ಕ್‌ಗೆ ಹೊರಟಿದ್ದಾರೆ. ವಯಸ್ಸು 66, ಮಂಡಿನೋವು ಬೇರೆ.

ಏಜೆಂಟ್ ಕಳಿಸಿದ ನೇರ ವಿಮಾನದ ವಿವರದಲ್ಲಿ ರಾತ್ರಿ 1.30ಕ್ಕೆ ಹೊರಟು ಅದೇ ದಿನ ಬೆಳಿಗ್ಗೆ 7.30ಕ್ಕೆ ತಲುಪುತ್ತೆ ಅಂತಿದೆ. "ಆರೇ ಗಂಟೆನಾ? ಹುಬ್ಬಳ್ಳಿ ರೈಲೇ ಇದಕ್ಕಿಂತ ಜಾಸ್ತಿ ಹೊತ್ತು ತಗೊಳುತ್ತಲ್ಲೋ" ಅಂತ ಅಮ್ಮನಿಗೆ ಖುಷಿಯೋ ಖುಷಿ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ. ಅಂದ್ರೆ ಕೂರಬೇಕಾಗಿರೋದು ಹದಿನೈದೂವರೆ ಗಂಟೆ! ಇನ್ನೂ ಅವರಿಗೆ ಹೇಳಿಲ್ಲ.

ಇನ್ನೊಂದು ಟಿಕೆಟ್ ದೋಹಾ ಮೇಲೆ. ನೇರ ದಾರಿ ಸುಮಾರು 12,500 ಕಿಲೋಮೀಟರ್, ದೋಹಾ ಮೇಲೆ ಹೋದ್ರೆ ಸುಮಾರು 13,000. ದೂರದಲ್ಲಿ ಅಷ್ಟೇನೂ ಫರಕಿಲ್ಲ. ಆದರೆ ದೋಹಾದಲ್ಲಿ ಐದು ಗಂಟೆ ಕಾಯಬೇಕು. ಅದಾದ ಮೇಲೂ ಸುಮಾರು ಹದಿನಾಲ್ಕು ಗಂಟೆ ಹಾರಾಟ ಇದ್ದೇ ಇದೆ. ನನಗಂತೂ ನೇರ ವಿಮಾನವೇ ವಾಸಿ ಅನ್ನಿಸುತ್ತೆ. ಅಕ್ಕ ಮಾತ್ರ ನಡುವೆ ಸ್ವಲ್ಪ ಕಾಲಾಡಿಸಲಿ ಅಂತಾಳೆ.

ವಯಸ್ಸಾದ ಅಪ್ಪ ಅಮ್ಮನನ್ನು ಹೀಗೆ ಕಳಿಸಿದವರು ಯಾವುದು ಆರಿಸಿದಿರಿ? ವೀಲ್‌ಚೇರ್ ಟಿಕೆಟ್ ಮಾಡುವಾಗಲೇ ಹೇಳಬೇಕಾ? ಬಿಪಿ ಮಾತ್ರೆ ಯಾವ ಊರಿನ ಟೈಮಿಗೆ ಕೊಡೋದು ಅಂತ ಡಾಕ್ಟರನ್ನೇ ಕೇಳ್ತೀನಿ. ಉಳಿದದ್ದು ನೀವು ಹೇಳಿ. ಶುಕ್ರವಾರದೊಳಗೆ ಟಿಕೆಟ್ ಮಾಡಿಸಬೇಕು.