ತೋಟದಲ್ಲಿ ಕೊಟ್ಟಿಗೆ, ಕೊಬ್ಬರಿ ಅಟ್ಟ ಕಟ್ಟಲು ಪಂಚಾಯಿತಿ ಪರವಾನಗಿ ಬೇಕೇ? ಅನುಭವವಿದ್ದವರು ತಿಳಿಸಿ

ತಿಪಟೂರು ತಾಲ್ಲೂಕಿನಲ್ಲಿ ನಮಗೆ 2 ಎಕರೆ 30 ಗುಂಟೆ ತೆಂಗಿನ ತೋಟವಿದೆ. ಹತ್ತು ಹಸುಗಳಿಗೆ 60×25 ಅಡಿಯ ಕೊಟ್ಟಿಗೆ, ಪಕ್ಕದಲ್ಲಿ ಕೊಬ್ಬರಿ ಅಟ್ಟದ ಶೆಡ್ಡು, ಕಾವಲಿಗೆ ಮಲಗಲು ಒಂದು ಕೋಣೆ ಕಟ್ಟಬೇಕೆಂದಿದ್ದೇನೆ. ಪಾಯ ತೆಗೆಸಿದ ಮೂರನೆಯ ದಿನವೇ ಪಂಚಾಯಿತಿಯ ಬಿಲ್ ಕಲೆಕ್ಟರ್ ಬಂದು, ಪರವಾನಗಿ ಇಲ್ಲದೆ ಕೆಲಸ ಮುಂದುವರಿಸುವಂತಿಲ್ಲ ಎಂದು ಹೇಳಿ ಹೋದರು. ಕೃಷಿ ಜಮೀನಿನಲ್ಲಿ ಕಟ್ಟುವುದಕ್ಕೆ ಯಾರ ಅಪ್ಪಣೆಯೂ ಬೇಡವೆಂದು ಪಕ್ಕದ ತೋಟದವರು ಹೇಳುತ್ತಾರೆ. ಇಂಥ ಸಂದರ್ಭ ಎದುರಿಸಿದವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಹಾಸನ ಜಿಲ್ಲೆ:

ನಿಮ್ಮ ನೆರೆಯವರು ಹೇಳುತ್ತಿರುವುದು ಕಂದಾಯ ಕಾಯ್ದೆಯ ಮಾತು, ಬಿಲ್ ಕಲೆಕ್ಟರ್ ಹೇಳಿದ್ದು ಪಂಚಾಯತ್ ರಾಜ್ ಕಾಯ್ದೆಯ ಮಾತು. ಇವೆರಡನ್ನೂ ಒಂದೇ ಎಂದು ತಿಳಿದು ತೊಂದರೆಗೆ ಸಿಕ್ಕಿದವರನ್ನು ನನ್ನ ಸೇವಾವಧಿಯಲ್ಲಿ ಬಹಳ ಕಂಡಿದ್ದೇನೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೆಯ ಪ್ರಕರಣದ ಮೊದಲ ಉಪಪ್ರಕರಣದ ಪ್ರಕಾರ, ಬೇಸಾಯ ಉತ್ತಮಗೊಳ್ಳಲೆಂದು ಅಥವಾ ಜಮೀನಿನ ಬಳಕೆ ಸುಲಭವಾಗಲೆಂದು ಕೃಷಿ ಕಟ್ಟಡ, ಬಾವಿ, ಕೆರೆ ಮಾಡಿಕೊಳ್ಳುವ ಹಕ್ಕು ಹಿಡುವಳಿದಾರನಿಗಿದೆ. ಆದ್ದರಿಂದ ಕೊಟ್ಟಿಗೆಗೆ ಭೂಪರಿವರ್ತನೆ, ಅಂದರೆ ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಿಸುವುದು, ಮಾಡಿಸಬೇಕಾಗಿಲ್ಲ. ಆದರೆ ಆ ವಾಕ್ಯ ಆರಂಭವಾಗುವುದೇ, ಕಟ್ಟಡ ಕಟ್ಟುವುದಕ್ಕೆ ಸಂಬಂಧಿಸಿ ಜಾರಿಯಲ್ಲಿರುವ ಬೇರೆ ಕಾನೂನುಗಳಿಗೆ ಒಳಪಟ್ಟು ಎಂಬ ಮಾತಿನಿಂದ. ಅದನ್ನು ಯಾರೂ ಓದುವುದಿಲ್ಲ. ಆ ಬೇರೆ ಕಾನೂನುಗಳಲ್ಲಿ ಒಂದು 1993ರ ಪಂಚಾಯತ್ ರಾಜ್ ಕಾಯ್ದೆ. ಅದರ 64ನೆಯ ಪ್ರಕರಣ ಕಟ್ಟಡ ಕಟ್ಟಲು ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಕೇಳುತ್ತದೆ.

ರೂಢಿಯ ಮಾತು ಬೇರೆ. ಗ್ರಾಮಠಾಣಾದಿಂದ (ಊರಿನ ಮನೆಗಳಿರುವ ಜಾಗದಿಂದ) ದೂರದ ಹೊಲದಲ್ಲಿ ನಾಲ್ಕು ಕಂಬ ನೆಟ್ಟು ಶೀಟು ಹೊದಿಸಿದವರನ್ನು ನಾವು ಯಾರೂ ಪರವಾನಗಿ ಕೇಳುತ್ತಿರಲಿಲ್ಲ. ನರೇಗಾ ಅಡಿಯಲ್ಲಿ ದನದ ಕೊಟ್ಟಿಗೆಗಳನ್ನು ನಾವೇ ಮುಂದೆ ನಿಂತು ಕಟ್ಟಿಸುತ್ತಿದ್ದೆವು. ಬಿಲ್ ಕಲೆಕ್ಟರ್ ಮೂರೇ ದಿನದಲ್ಲಿ ಬಂದಿದ್ದಾರೆಂದರೆ ಬಹುಶಃ ಯಾರೋ ದೂರು ಕೊಟ್ಟಿದ್ದಾರೆ. ವಾದಕ್ಕೆ ನಿಲ್ಲದೆ, ಪಹಣಿ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಗುರುತಿಸಿದ ಕೈನಕ್ಷೆ, ಕಟ್ಟಡದ ಅಳತೆ ಲಗತ್ತಿಸಿ ಅರ್ಜಿ ಕೊಡಿ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ. ನಿಲ್ಲಿಸಬೇಕೆಂದಾದರೆ ಲಿಖಿತ ನೋಟಿಸು ಕೊಡಲಿ ಎಂದು ವಿನಯದಿಂದಲೇ ಕೇಳಬಹುದು.

ಕೋಳಿ ಸಾಕಣೆದಾರರು, ಬೆಂಗಳೂರು ಗ್ರಾಮಾಂತರ:

ನಮಗೆ ತೊಂದರೆಯಾದದ್ದು ಪರವಾನಗಿಯಿಂದಲ್ಲ, ತೆರಿಗೆಯಿಂದ. ನಮ್ಮ ಎರಡು ಶೆಡ್ಡುಗಳನ್ನು ಅಳೆಯಲು ಬಂದವರು ಗೋಡೆಯಿಂದ ಗೋಡೆಗೆ ಟೇಪು ಹಿಡಿಯದೆ, ಮಳೆನೀರು ಒಳಗೆ ಎರಚದಿರಲೆಂದು ಮೂರಡಿ ಹೊರಚಾಚಿದ್ದ ಶೀಟಿನ ಅಂಚಿನಿಂದ ಅಂಚಿಗೆ ಹಿಡಿದು, ಒಟ್ಟು ವಿಸ್ತೀರ್ಣಕ್ಕೆ ವಾಣಿಜ್ಯ ದರ ಹಾಕಿದರು. ಭೂಸುಧಾರಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ಹೈನುಗಾರಿಕೆ, ಕೋಳಿ ಸಾಕಣೆ ಎರಡೂ ‘ವ್ಯವಸಾಯ’ದೊಳಗೆ ಸೇರಿವೆ. ಕೋಳಿ ಸಾಕಣೆ ಕೃಷಿ ಚಟುವಟಿಕೆಯೇ, ಅದಕ್ಕೆ ಭೂಪರಿವರ್ತನೆ ಬೇಕಿಲ್ಲ, ಆ ಕಟ್ಟಡಕ್ಕೆ ವಾಣಿಜ್ಯವೆಂದು ತೆರಿಗೆ ಹಾಕಲಾಗದು ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಹೇಳಿದೆ. ಆ ತೀರ್ಪಿನ ಪ್ರತಿ ಲಗತ್ತಿಸಿ ಆಕ್ಷೇಪಣೆ ಸಲ್ಲಿಸಿದ ಮೇಲೆ ನಮ್ಮ ಬೇಡಿಕೆ ನೋಟಿಸನ್ನು ಕೈಬಿಟ್ಟರು, ಅದಕ್ಕೂ ಏಳು ತಿಂಗಳು ಓಡಾಡಿಸಿದರೆನ್ನಿ. ಆದಕಾರಣ ಅರ್ಜಿಯಲ್ಲಿ ‘ಗೋದಾಮು’ ಎಂದು ಬರೆಯಬೇಡಿ. ‘ಸ್ವಂತ ತೋಟದ ತೆಂಗಿನಕಾಯಿ ಒಣಗಿಸುವ ಅಟ್ಟ’ ಎಂದೇ ಬರೆಯಿರಿ. ಉಂಡೆ ಕೊಬ್ಬರಿಗೆ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿಡಬೇಕೆಂಬುದು ನಿಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ, ಅದು ಕೃಷಿ ಉಪಯೋಗವಲ್ಲ ಎನ್ನುವುದು ಕಷ್ಟವಾದೀತು.

ಅಡಿಕೆ ಬೆಳೆಗಾರರು, ತೀರ್ಥಹಳ್ಳಿ:

ಕೊಟ್ಟಿಗೆಗಿಂತ ಆ ಮಲಗುವ ಕೋಣೆಯ ಬಗ್ಗೆ ಎಚ್ಚರ ವಹಿಸಿ. ಕೋಣೆಗೆ ಅಡುಗೆಮನೆ, ಶೌಚಾಲಯ ಸೇರಿದ ಕೂಡಲೇ ಅದನ್ನು ತೋಟದ ಮನೆ ಎಂದು ನೋಡುತ್ತಾರೆ. ತೋಟದ ಮನೆ ಹಿಡುವಳಿಯ ಶೇ. 10 ಮೀರಬಾರದು, ಸ್ವಂತ ಉಪಯೋಗಕ್ಕೇ ಇರಬೇಕು, ಬಾಡಿಗೆಗೆ ಕೊಡಬಾರದು. ಹೋಂಸ್ಟೇ ಹಾವಳಿ ಶುರುವಾದ ಮೇಲೆ ನಮ್ಮ ಕಡೆ ಈ ವಿಷಯದಲ್ಲಿ ಬಹಳ ಬಿಗಿಯಾಗಿದ್ದಾರೆ. ಮುಂದೆ ಅದೇ ಶೆಡ್ಡಿನಲ್ಲಿ ಎಣ್ಣೆ ಗಾಣ ಕೂರಿಸುವ ಯೋಚನೆಯಿದ್ದರೆ, ಯಂತ್ರ ಸ್ಥಾಪನೆಗೆ ಪಂಚಾಯತ್ ರಾಜ್ ಕಾಯ್ದೆಯ 66ನೆಯ ಪ್ರಕರಣದಡಿ ಪ್ರತ್ಯೇಕ ಅನುಮತಿ ಬೇಕಾಗುತ್ತದೆ.

ಇನ್ನೊಂದು ವಿಷಯ ವಿದ್ಯುತ್ತಿನದು. ಪಂಪ್‌ಸೆಟ್ಟಿನ ಸಂಪರ್ಕದಿಂದಲೇ ಕೊಟ್ಟಿಗೆಗೆ ತಂತಿ ಎಳೆದುಕೊಂಡು ನಾನು ದಂಡ ಕಟ್ಟಿದ್ದೇನೆ. ಬೇರೆ ಮೀಟರಿಗೆ ಅರ್ಜಿ ಹಾಕಿದಾಗ ಮೊದಲು ಕೇಳಿದ್ದೇ ಪಂಚಾಯಿತಿಯ ನಿರಾಕ್ಷೇಪಣಾ ಪತ್ರ. ಪರವಾನಗಿ ಬೇಡವೆಂದು ಜಗಳವಾಡಿ ಗೆದ್ದಿದ್ದ ನಾನು, ಎರಡು ವರ್ಷದ ನಂತರ ಅದೇ ಮೇಜಿನ ಮುಂದೆ ನಿಂತಿದ್ದೆ.

ಪ್ರಶ್ನೆ ಕೇಳಿದವರು, ಹನ್ನೆರಡು ದಿನಗಳ ನಂತರ:

ಎಲ್ಲರಿಗೂ ವಂದನೆಗಳು. ಕೊಟ್ಟಿಗೆ ಮತ್ತು ಅಟ್ಟಕ್ಕೆ ಒಂದು ಅರ್ಜಿ, ಕೋಣೆಗೆ ಇನ್ನೊಂದು ಅರ್ಜಿ ಎಂದು ಬೇರೆ ಬೇರೆಯಾಗಿ ಕೊಟ್ಟು ಎರಡಕ್ಕೂ ಮೊಹರು ಹಾಕಿಸಿಕೊಂಡಿದ್ದೇನೆ. ಪಿಡಿಒ ಅವರು ಸ್ಥಳಕ್ಕೆ ಬಂದು ನೋಡಿ, ಕೊಟ್ಟಿಗೆಯ ಗಂಜಲ ಪಕ್ಕದವರ ಬಾವಿಯ ಕಡೆ ಹರಿಯದಂತೆ ಗುಂಡಿಯನ್ನು ಪೂರ್ವದ ಬದಿಗೆ ತೋಡಬೇಕೆಂದು ಹೇಳಿದರು. ದೂರು ಕೊಟ್ಟವರು ಯಾರೆಂದು ಅಲ್ಲಿಗೆ ತಿಳಿಯಿತು. ಗುಂಡಿಯ ಜಾಗ ಬದಲಿಸಿದ್ದೇನೆ. ಕೋಣೆಯ ಅರ್ಜಿ ಇನ್ನೂ ಬಾಕಿಯಿದೆ.